ಮಾಲ್ಕಾ ಆರಿಸಿದ ಅಕ್ಕಿ

ಬಗ್ದಾದಿನ ವಿಮಾನ ನಿಲ್ದಾಣದಲ್ಲಿ ಪೊಲೀಸರು ನಮ್ಮತ್ತೆ ಫರ್ಹಾ ಅವರ ಬಳೆಗಳನ್ನು ಕಿತ್ತುಕೊಂಡರು. ನನ್ನ ಮದುವೆಯ ಸರವನ್ನೂ ಬಿಡಲಿಲ್ಲ. ಯಹೂದಿಗಳೆಂದು ಪೌರತ್ವವನ್ನಂತೂ ಮೊದಲೇ ಕಿತ್ತುಕೊಂಡಿದ್ದರು. ಅಕ್ಕಿಯ ಗಂಟನ್ನು ಮಾತ್ರ ಮೂಸಿ ನೋಡಿ ಬಿಸಾಕಿದರು. ಅತ್ತೆ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ವಿಮಾನ ಹತ್ತಿದರು.

“ಚಿನ್ನ ಹೋಯ್ತು, ಅಕ್ಕಿ ಉಳೀತು. ಭಲೇ ವ್ಯಾಪಾರ ಕಣೆ ನಿಂದು!” ಎಂದು ಮಾವ ಮೆನಾಶಿ ಅಣಕಿಸಿದರು.

ಬಗ್ದಾದಿನ ಶೋರ್ಜಾ ಪೇಟೆಯಲ್ಲಿ ಚಹಾಪುಡಿಯ ಅಂಗಡಿ ಇಟ್ಟು ಮೆರೆದವರು ಅವರು. ಇಸ್ರೇಲಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಡೇರೆ, ಸುತ್ತ ಕೆಸರು, ರಸ್ತೆ ಗುಡಿಸಲು ಒಂದು ಪೊರಕೆ. ಕೆಲವೇ ದಿನಗಳಲ್ಲಿ ಅಣಕಿಸುವುದನ್ನೂ ಬಿಟ್ಟು ಹಾಸಿಗೆ ಹಿಡಿದರು.

ಅಷ್ಟರಲ್ಲಿ ನಮ್ಮ ಪೂರ್ವಿಕರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬ ಬಂತು. ಹಬ್ಬ ಮುಗಿಯುವ ತನಕ ನಾವು ರೊಟ್ಟಿ ಮುಟ್ಟುವುದಿಲ್ಲ, ಮನೆಯಲ್ಲಿ ಗೋಧಿ ಇಡುವುದಿಲ್ಲ. ಅನ್ನ ಮಾತ್ರ ನಮ್ಮವರಿಗೆ ನಡೆಯುತ್ತದೆ. ಆದರೆ ಗೋಧಿಕಾಳು ಬೆರೆತಿರಬಾರದೆಂದು ಬಿಳಿ ಬಟ್ಟೆಯ ಮೇಲೆ ಏಳು ಸಲ ಅಕ್ಕಿ ಆರಿಸಬೇಕು. ಪಕ್ಕದ ಡೇರೆಯ ಮಾಲ್ಕಾ ರೊಮೇನಿಯಾದವಳು. ಅವರಲ್ಲಿ ಹಬ್ಬಕ್ಕೆ ಅಕ್ಕಿಯೂ ನಿಷಿದ್ಧ. ನಮಗೂ ಅವಳಿಗೂ ಇದ್ದದ್ದು ಒಂದೇ ಅಡುಗೆಯ ಚಪ್ಪರ.

“ಪಸ್ಕಕ್ಕೆ ಅನ್ನವಂತೆ! ಇವ್ರೂ ಯಹೂದಿಗಳಾ? ಶುದ್ಧ ಅರಬರು! ಆ ಪಾತ್ರೆ ಇಲ್ಲಿ ಇಡಕ್ಕೆ ನಾನು ಬಿಡಲ್ಲ” ಎಂದು ಅವಳು ಹರಕುಮುರುಕು ಹೀಬ್ರೂವಿನಲ್ಲಿ ಕೂಗಾಡಿದಳು. ನನ್ನ ಹೀಬ್ರೂವೂ ಅಷ್ಟಕ್ಕಷ್ಟೆ, ಆದರೆ ಬೈಗುಳ ಬೇಗ ಅರ್ಥವಾಗುತ್ತದೆ.

ಮಾವನ ಕಿವಿಗೂ ಅದು ಬಿತ್ತು. “ಅಲ್ಲಿ ಯಹೂದಿ ಅಂತ ಓಡಿಸಿದ್ರು. ಇಲ್ಲಿ ಅರಬ ಅಂತಾರೆ. ನಾನು ಯಾರ ಹಬ್ಬ ಮಾಡ್ಲೇ ಫರ್ಹಾ? ನಮ್ಮ ಅಕ್ಕಿ ಒಲೆ ಹತ್ತದೆ ಇದ್ರೆ ನಾನು ಹಬ್ಬದೂಟಕ್ಕೆ ಕೂರಲ್ಲ” ಎಂದು ಮುಸುಕೆಳೆದು ಮಲಗಿದರು. ಯಜಮಾನರೇ ಕೂರದಿದ್ದರೆ ನಮ್ಮ ಪೂರ್ವಿಕರ ಬಿಡುಗಡೆಯ ಕತೆ ಓದುವವರು ಯಾರು? ನನ್ನ ಗಂಡ ದೂರದ ಊರಿಗೆ ಕೂಲಿಗೆ ಹೋಗಿದ್ದ.

ಅತ್ತೆಯೇನು ಅಳುತ್ತಾ ಕೂರುವ ಹೆಂಗಸಲ್ಲ. ನಾವು ಆರು ಸಲ ಆರಿಸಿ ಮುಗಿಸಿದ್ದೆವು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಚಪ್ಪರದ ಮುಂದೆ ಬಿಳಿ ಬಟ್ಟೆ ಹಾಸಿ ಅಕ್ಕಿ ಸುರಿದು ಮಾಲ್ಕಾಳನ್ನೇ ಕರೆದರು.

“ಹೇಳೇ ನಜೀಮಾ, ಏಳನೇ ಸಲ ಇವ್ಳೇ ಆರಿಸ್ಲಿ. ಒಂದೇ ಒಂದು ಗೋಧಿಕಾಳು ಸಿಕ್ಕಿದ್ರೂ ಇಷ್ಟನ್ನೂ ಕೋಳಿಗೆ ಹಾಕ್ತೀನಿ. ಸಿಗದೆ ಇದ್ರೆ ನನ್ನ ಪಾತ್ರೆ ಸುದ್ದಿಗೆ ಬರಬಾರ್ದು.”

ಹೀಬ್ರೂ ಮಾತಾಡಲು ಬಾರದ ಅತ್ತೆಯ ಪರವಾಗಿ ನಾನು ಹೇಳಿದೆ. ಮಾಲ್ಕಾ ಕಳ್ಳನನ್ನು ಹಿಡಿಯುವವಳಂತೆ ಕೂತು ಶುರುಮಾಡಿದಳು. ಬರಬರುತ್ತಾ ಅವಳ ಕೈ ಮೆತ್ತಗಾಯಿತು.

“ನಮ್ಮಮ್ಮನೂ ಬೇಳೆ ಹೀಗೇ ಆರಿಸ್ತಿದ್ಲು” ಎಂದಳು.

“ಅವರೀಗ ಎಲ್ಲಿ?” ಎಂದೆ.

“ಯುದ್ಧದಲ್ಲಿ ಹೋದ್ಲು. ಎಲ್ರೂ ಹೋದ್ರು.”

ಅತ್ತೆ ಎದುರಿಗೆ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಕೊನೆಯ ಹಿಡಿ ಅಕ್ಕಿಯಲ್ಲಿ ಮಾಲ್ಕಾಳ ಬೆರಳು ನಿಂತಿತು. ನಾನೂ ನೋಡಿದೆ. ಗೋಧಿಕಾಳು! ಮಾಲ್ಕಾ ಅತ್ತೆಯ ಮುಖವನ್ನು ಒಮ್ಮೆ ನೋಡಿದಳು. ಕಾಳನ್ನು ಬಾಯಿಗೆ ಹಾಕಿಕೊಂಡು ಕಟಕ್ಕನೆ ಅಗಿದು ನುಂಗಿಬಿಟ್ಟಳು. ಹಬ್ಬ ಇನ್ನೂ ಶುರುವಾಗಿರಲಿಲ್ಲ, ಗೋಧಿ ತಿನ್ನಲು ಅಡ್ಡಿಯೇನೂ ಇರಲಿಲ್ಲ.

“ಏನೂ ಸಿಗ್ಲಿಲ್ಲ. ಬೇಯಿಸ್ಕೊಳ್ಳಿ” ಎಂದು ತಲೆವಸ್ತ್ರ ಸರಿಮಾಡಿಕೊಂಡು ಎದ್ದಳು. “ನಾನು ಮಾತ್ರ ತಿನ್ನಲ್ಲ. ನಮ್ಮಮ್ಮನ ಮನೇಲಿ ಹಬ್ಬಕ್ಕೆ ಅನ್ನ ಇರ್ಲಿಲ್ಲ.”

ಡೇರೆಯ ಬಾಗಿಲಲ್ಲಿ ಯಾರೋ ನಕ್ಕರು. ಮಾವ! ಮಂಚ ಬಿಟ್ಟು ಯಾವಾಗ ಎದ್ದು ಬಂದಿದ್ದರೋ. ಚಹಾಪುಡಿಯಲ್ಲಿ ಕಡ್ಡಿ ಹುಡುಕಿ ಪಳಗಿದ ಆ ಕಣ್ಣಿಗೆ ಎಲ್ಲವೂ ಬಿದ್ದಿತ್ತು. ಬಗ್ದಾದು ಬಿಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

“ಏನ್ರೀ, ಏನಾಯ್ತು?” ಅತ್ತೆ ಗಾಬರಿಯಾದರು.

“ಏನಿಲ್ಲ ಕಣೆ. ನನ್ನ ಹಬ್ಬದ ಬಿಳಿ ನಿಲುವಂಗಿ ತೆಗೆದಿಡು.” ಮಾವ ಕಣ್ಣೊರೆಸಿಕೊಂಡರು. “ಹಾಗೇ ನಾಳೆಗೆ ನಾಲ್ಕು ಆಲೂಗಡ್ಡೆ ಬೇಯಿಸು. ಆಯಮ್ಮನೂ ನಮ್ಮ ಜೊತೆ ಕೂರ್ತಾಳೆ, ಪಾಪ, ಅನ್ನ ತಿನ್ನಲ್ವಲ್ಲ.”