ತಂಗಿ ಹೇಳಿದ್ದು ಅದಲ್ಲ

ಜಡ್ಜ್ ಸಾಹೇಬರಿಗೆ ಮೊದಲ ದಿನದಿಂದಲೇ ತಂಗಿಯನ್ನು ಕಂಡರೆ ಆಗುತ್ತಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು. ಅಕ್ಕನ ವಕೀಲನಿಗಂತೂ ಹಾಲು ಕುಡಿದಷ್ಟು ಸಂತೋಷವಾಗಿತ್ತು. ತಂಗಿಯದು ದೊಡ್ಡ ಬಾಯಿ, ಕಟಕಟೆಯಲ್ಲೂ ಎದುರುತ್ತರ ಕೊಡುವವಳು. ಅಕ್ಕನೋ ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕೊಯ್ದು ಕೊಯ್ದು ಬೆರಳೆಲ್ಲ ಗೀರು ಮಾಡಿಕೊಂಡವಳು, ತಲೆ ತಗ್ಗಿಸಿ ನಿಲ್ಲುವವಳು. ಆ ಬೆರಳು ನೋಡಿಯೇ ಸಾಹೇಬರು ಕರಗಿಹೋಗಿದ್ದರು. ಇವಳಿಗೆ ‘ಕೂತ್ಕೊಳ್ಳಿ ಅಮ್ಮ’, ಅವಳಿಗೆ ‘ಕೇಳಿದ್ದಕ್ಕಷ್ಟೇ ಉತ್ತರ ಕೊಡಿ’.

ವ್ಯಾಜ್ಯ ಆ ಅಂಗಡಿಯದೇ. ಕಾಯಿಲೆಯಲ್ಲಿ ಚಿಕ್ಕವಳು ನನ್ನ ಕೈಬಿಟ್ಟಳು, ಅಂಗಡಿಯೆಲ್ಲ ದೊಡ್ಡವಳಿಗೆ ಎಂದು ಅಪ್ಪ ವಿಲ್ ಬರೆಸಿ ಕಣ್ಣುಮುಚ್ಚಿದ್ದ. ನಾನು ಕೈಬಿಟ್ಟಿಲ್ಲ, ಅಕ್ಕನೇ ಒಳಗೆ ಸೇರಿಸಲಿಲ್ಲ ಎಂಬುದು ತಂಗಿಯ ವಾದ. ಅಂಗಡಿ ಪಾಲಾದರೆ ಮಾರಲೇಬೇಕು; ಮಾರಿದರೆ ಅಕ್ಕ ಬೀದಿಗೆ ಬೀಳುತ್ತಾಳೆ.

ಸಾಕ್ಷಿ ಹೇಳಿದ್ದನ್ನು ಜಡ್ಜ್ ಕೇಳಿಕೊಂಡು, ತಮ್ಮ ಮಾತಿನಲ್ಲಿ, ಆದರೆ ಸಾಕ್ಷಿಯೇ ಹೇಳಿದ ಹಾಗೆ ‘ನಾನು’ ಎಂದು, ಟೈಪಿಸ್ಟ್‌ಗೆ ಹೇಳಿ ಬರೆಸುವುದು ಅಲ್ಲಿಯ ಪದ್ಧತಿ. ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆಸಿದ್ದು ಉಳಿಯುತ್ತದೆ.

“ದಿನಾ ಬರ್ತಿದ್ದೆ ಸ್ವಾಮಿ,” ಎಂದಳು ತಂಗಿ. “ಅಂಗಡಿ ಹಿಂದಿನ ಕೋಣೇಲೇ ಅಪ್ಪ ಮಲಗಿದ್ದು. ಒಂದಿನ ಬಂದ್ರೆ ಒಳಗಿಂದ ಚಿಲಕ. ಇನ್ಮೇಲೆ ಬರ್ಬೇಡ ಅಂತ ಅಕ್ಕನೇ ಕಿಟಕಿಯಿಂದ ಹೇಳಿದ್ಲು. ಆಮೇಲೂ...”

“ಸಾಕು.” ಸಾಹೇಬರು ಟೈಪಿಸ್ಟ್ ಕಡೆ ತಿರುಗಿದರು. “ಕೊನೆಯ ದಿನಗಳಲ್ಲಿ ನಾನು ತಂದೆಯನ್ನು ನೋಡಲು ಹೋಗಲಿಲ್ಲ ಎಂಬುದು ನಿಜ.”

ತಂಗಿಯ ವಕೀಲ ಎದ್ದ; ಸಾಹೇಬರು ಕನ್ನಡಕದ ಮೇಲಿಂದ ನೋಡಿದ್ದಕ್ಕೇ ಕೂತ.

ಅಕ್ಕ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ, ನಾಚಿಕೆಯಾಯಿತು. ಚಿಕ್ಕಂದಿನಿಂದ ಜಡೆ ಹಿಡಿದು ಜಗಳಾಡಿದವರು ಇವರು. ಆದರೆ ತಂಗಿಯ ಜಡೆಯನ್ನು ಇನ್ನೊಬ್ಬರು ಹಿಡಿದುಕೊಂಡಿರುವಾಗ ಅಕ್ಕ ಎಂದೂ ಹೊಡೆದವಳಲ್ಲ.

“ಅವಳು ಹೇಳಿದ್ದು ಅದಲ್ಲ ಸ್ವಾಮಿ,” ಎಂದು ಎದ್ದು ನಿಂತಳು.

“ಸುಮ್ನಿರಿ, ಗೆದ್ದಾಯ್ತು,” ಎಂದು ವಕೀಲ ಪಿಸುಗುಟ್ಟಿ ಸೆರಗು ಜಗ್ಗಿದ.

“ಚಿಲಕ ಹಾಕಿದ್ದು ನಾನೇ.”

“ಅಮ್ಮ, ಇದು ನಿಮಗೇ ಮುಳುವಾಗುತ್ತೆ,” ಎಂದರು ಸಾಹೇಬರು.

“ಆಗ್ಲಿ. ಅವಳ ಮಾತು ಪೂರ್ತಿ ಕೇಳಿ. ನಾನಂತೂ ಯಾವತ್ತೂ ಕೇಳ್ಲಿಲ್ಲ.”

ಸಾಹೇಬರ ಕಿವಿ ಕೆಂಪಾಯಿತು. ಪುಣ್ಯಕ್ಕೆ, ಆ ಸಾಲು ಹೊಡೆದುಹಾಕಿಸುವಷ್ಟು ಮನುಷ್ಯತ್ವ ಅವರಲ್ಲಿತ್ತು. “ಹೇಳಿ ಅಮ್ಮ,” ಎಂದರು, ಈ ಸಲ ತಂಗಿಗೆ.

ಬಾಯಿಬಡುಕಿ ಈಗ ಮೆಲ್ಲಗೆ ಹೇಳಿದಳು. “ಆಮೇಲೂ ಒಂದ್ಸಲ ಬಂದೆ. ಬಾಗಿಲು ತಟ್ಟಿದೆ. ಒಳಗೆ ಅಪ್ಪ, ‘ಯಾರಮ್ಮಾ, ಚಿಕ್ಕೋಳಾ?’ ಅಂದ. ಅಕ್ಕ, ‘ಯಾರೂ ಇಲ್ಲಪ್ಪ, ಮಲ್ಕೋ’ ಅಂದ್ಲು.”

ಸಾಹೇಬರು ಒಂದಕ್ಷರ ಬದಲಿಸದೆ ಬರೆಸಿದರು. ತಂಗಿಗೆ ಅದು ಕೇಳಿಸಿತ್ತೆಂದು ಅಕ್ಕನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

“ಅಂದೆ,” ಎಂದಳು ಅಕ್ಕ, ಯಾರೂ ಕೇಳದಿದ್ದರೂ. “ಅದನ್ನೂ ಬರ್ಕೊಳ್ಳಿ.”