ಹಿಂದಕ್ಕೆ ನಡೆದ ಚೀಟಿ

ಸೇಡಂ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಸಣ್ಣ ಸಾಫ್ಟ್‌ವೇರ್ ಆಫೀಸಿನ ಗೋಡೆಗೊಂದು ಬೋರ್ಡಿತ್ತು. 'ಮಾಡಬೇಕು', 'ಮಾಡಾಕತ್ತೀವಿ', 'ಮುಗೀತು' ಎಂದು ಮೂರು ಖಾನೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಯಾರ ಕೆಲಸ ಎಲ್ಲಿಗೆ ಬಂತು ಎಂಬುದು ಎಲ್ಲರ ಕಣ್ಣಿಗೂ ಬೀಳಲಿ ಎಂದು ಅದನ್ನು ಹಾಕಿಸಿದವನು ಅಲ್ಲಿ ಎಲ್ಲರಿಗಿಂತ ಹಿರಿಯನಾದ ಪ್ರಾಣೇಶನೇ. ಚೀಟಿ 'ಮುಗೀತು' ಖಾನೆಗೆ ಹೋದರೆ ಅದರವರು ಎಲ್ಲರಿಗೂ ಮಂಡಕ್ಕಿಯ ಸುಸಲಾ-ಮಿರ್ಚಿ ತಿನ್ನಿಸಬೇಕೆಂಬ ರಿವಾಜು ಮಾತ್ರ ಜೊತೆಗಾರ ಫೈಜಾನನದು.

ಉಳಿದವರ ಚೀಟಿಗಳು ಮುಂದಕ್ಕೆ ಹೋಗುತ್ತಿದ್ದವು. ಪ್ರಾಣೇಶನದು, ವಾಡಿಯ ಕಲ್ಲಿನ ವ್ಯಾಪಾರಿಗೆ ಲಾರಿ ತೂಕದ ರಸೀದಿ ಛಾಪಿಸುವ ಹೊಸ ಪ್ರೋಗ್ರಾಂ ಬರೆಯುವ ಕೆಲಸ, ನಡುವಿನ ಖಾನೆಯಲ್ಲೇ ಠಿಕಾಣಿ ಹೂಡಿತ್ತು. ಮುಂಜಾನೆ ಎಲ್ಲರೂ ಬೋರ್ಡಿನ ಮುಂದೆ ನಿಂತು ಮಾತಾಡುವಾಗ ಅವನು ಅದನ್ನು ಬೆನ್ನಿನಿಂದ ಮರೆಮಾಡಿ ನಿಲ್ಲತೊಡಗಿದ.

"ಸರ್, ಜರಾ ಸರೀರಿ. ನಿಮ್ಮ ಚೀಟಿಗಿ ಗಾಳಿ ಆಡವಲ್ದು," ಎಂದ ಫೈಜಾನ್.

ಎಲ್ಲರೂ ನಕ್ಕರು. ಪ್ರಾಣೇಶನೂ ನಕ್ಕ, ಕಿವಿ ಮಾತ್ರ ಬಿಸಿಯಾದವು. ಮಧ್ಯಾಹ್ನ ಯಾರೂ ಇಲ್ಲದಾಗ ಚೀಟಿ ಕಿತ್ತು 'ಮುಗೀತು' ಖಾನೆಗೆ ಹಚ್ಚಿದ. ಉಳಿದದ್ದನ್ನು ನಾಳೆ ಮುಗಿಸಿದರಾಯಿತು. ಸುಳ್ಳಿಗೂ ಒಂದು ಸಾಕ್ಷಿ ಬೇಕಲ್ಲ, ಸುಸಲಾ ತರಿಸಿದ. ಗಿರಾಕಿಗಳಲ್ಲಿಗೆ ಹೋಗಿ ಪ್ರೋಗ್ರಾಂ ಹಾಕಿಕೊಡುವ ರಾಜೇಶ್ವರಿ ಎರಡನೇ ಸಲ ಹಾಕಿಸಿಕೊಂಡಳು.

ಮರುದಿನ ಅವನು ಬರುವಷ್ಟರಲ್ಲಿ ಆಕೆ ಬೋರ್ಡು ನೋಡಿ, ಆ ಪ್ರೋಗ್ರಾಂ ತೆಗೆದುಕೊಂಡು ವಾಡಿಯ ಬಸ್ಸು ಹತ್ತಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಆಕೆಯ ಫೋನು ಬಂತು. ಹಿಂದೆ ಲಾರಿಗಳ ಹಾರನ್ನು.

"ಸರ್, ರಸೀದಿ ಬದಲಿ ಖಾಲಿ ಕಾಗದ ಬರಾಕತ್ತಾದ. ಲಾರಿ ಎಲ್ಲಾ ನಿಂತಾವ."

"ಕೆಲಸ ಬರದವರಿಗಿ ಯಾಕ ಕಳಸ್ತಾರವ್ವಾ?" ಆಕೆಯ ಪಕ್ಕದಲ್ಲೇ ವ್ಯಾಪಾರಿ ಗುರುಲಿಂಗಯ್ಯನ ದನಿ.

"ತಪ್ಪು ನಂದಾರಿ ಸಾವಕಾರ್ರ," ಎಂದಳು ರಾಜೇಶ್ವರಿ ಅವನಿಗೆ. "ಪ್ರಾಣೇಶ ಸರ್ ಕೆಲಸ ಪಕ್ಕಾ ಇರ್ತದ. ಹಾಕೂದ್ರಾಗ ನಾನಾ ಎಡವೀನಿ."

ಸುಮ್ಮನಿದ್ದರೆ ಪ್ರಾಣೇಶನ ಮಾನ ಉಳಿಯುತ್ತಿತ್ತು. ಚೀಟಿ ಸರಿಸಿದ್ದೂ ಅದಕ್ಕೇ ತಾನೆ?

"ಫೋನ್ ಅವರ ಕೈಯಾಗ ಕೊಡವ್ವಾ," ಎಂದ. "ಸಾವಕಾರ್ರ, ಆಕಿದೇನೂ ತಪ್ಪಿಲ್ರಿ. ಕೆಲಸ ಮುಗದೇ ಇಲ್ಲ. ಮುಗೀತಂತ ಬೋರ್ಡಿಗಿ ನಾನಾ ಸುಳ್ಳು ಚೀಟಿ ಹಚ್ಚೀನಿ. ಸದ್ಯಕ್ಕ ಆಕಿ ಕಡಿಂದ ಹಳೇ ಪ್ರೋಗ್ರಾಮಾ ಹಾಕಿಸಿಕೊಂಡು ಲಾರಿ ಬಿಡ್ರಿ."

ಆಫೀಸಿನಲ್ಲಿ ಕೀಬೋರ್ಡಿನ ಮೇಲೆ ಎಲ್ಲರ ಬೆರಳುಗಳೂ ನಿಂತವು. ಅವನು ಎದ್ದು ಚೀಟಿಯನ್ನು ನಡುವಿನ ಖಾನೆಗೆ ತಂದ. ಆ ಬೋರ್ಡಿನ ಮೇಲೆ ಹಿಂದಕ್ಕೆ ನಡೆದ ಮೊದಲ ಚೀಟಿ ಅದು. ಅಂಟು ಹೋಗಿ ನಿಲ್ಲಲೊಲ್ಲದು. ಎಲ್ಲರಿಗೂ ಬೆನ್ನು ಮಾಡಿ, ಬೆರಳಿನಿಂದ ಒತ್ತಿಕೊಂಡೇ ನಿಂತ.

ಫೈಜಾನ್ ಟೇಪು ತಂದ. "ಕೈ ತಗೀರಿ ಸರ್. ಎಲ್ಲಿ ಸಿಕ್ಕೊಂಡಾದ ಹೇಳ್ರಿ, ಇಬ್ಬರೂ ಕೂಡಿ ನೋಡೂಣು." ತುಸು ತಡೆದು, "ತಿಂದ ಸುಸಲಾ ಮಾತ್ರ ವಾಪಸ್ ಬರಂಗಿಲ್ರಿ."

ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಸಾಕಿತ್ತು ಎನಿಸಿತು ಪ್ರಾಣೇಶನಿಗೆ.