ಅಮ್ಮನ ಪ್ರಶ್ನೆಗೆ ಬಂದ ಉತ್ತರ

ಬೆಳಗ್ಗೆ ಏಳೂವರೆ. ಇಸ್ತ್ರಿ ಅಂಗಡಿಯ ಅಮ್ಮ ಈ ಸಲ ಮತ ಹಾಕುವುದಿಲ್ಲ ಎಂದುಬಿಟ್ಟರು.

ಹೊಸ ಸಂವಿಧಾನ ಬೇಕೋ ಬೇಡವೋ ಎಂದು ಜನರೇ ಮತ ಹಾಕಿ ತೀರ್ಮಾನಿಸುವ ಭಾನುವಾರ ಹತ್ತಿರ ಬರುತ್ತಿತ್ತು. ‘ಬೇಕು’ ಎನ್ನಿರಿ ಎಂದು ಕೋರುವ ಲೇಖನ ಪತ್ರಿಕೆಯಲ್ಲಿ ವಾರಕ್ಕೊಂದು ಬರುತ್ತಿತ್ತು. ಪಕ್ಕದ ಮನೆಯ ಗ್ರಂಥಪಾಲಕಿ ಬಟ್ಟೆ ಕೊಡಲು ಬಂದಾಗ ಅದನ್ನು ಓದಿ ಹೇಳುತ್ತಿದ್ದಳು.

“ಪೇಪರು ಚೆನ್ನಾಗೇ ಇದೆ ಕಣಮ್ಮ, ಇಸ್ತ್ರಿ ಬಟ್ಟೆ ಸುತ್ತೋಕೆ,” ಎಂದರು ಅಮ್ಮ.

“ಸುತ್ತಿ ದೊಡ್ಡಮ್ಮ, ಬೇಡ ಅಂದೋರ್ಯಾರು? ಕೇಳಿಬಿಟ್ಟು ಸುತ್ತಿ. ಯಾರನ್ನೇ ಬಂಧಿಸಿದ್ರೂ ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸ್ಬೇಕಂತೆ.”

ಅಮ್ಮನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಇದ್ದಲ್ಲೇ ನಿಂತಿತು. ಬಟ್ಟೆ ಸುಡುವ ಮೊದಲು, ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಮಗ ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ.

ಮೂರು ವರ್ಷದ ಹಿಂದೆ ಈ ಮಗನನ್ನು ಪೊಲೀಸರು ವಿಚಾರಣೆಗೆಂದು ಕರೆದೊಯ್ದಿದ್ದರು. ಕಾರಣ ಹೇಳಲಿಲ್ಲ. ಏಳು ತಿಂಗಳ ಮೇಲೆ ಕಾರಣ ಹೇಳದೆಯೇ ಬಿಟ್ಟರು. ಅಂದಿನಿಂದ ಅವನು ಬೀದಿಯ ತಿರುವನ್ನು ಒಬ್ಬನೇ ದಾಟಿರಲಿಲ್ಲ.

“ದಿನಾ ಇವನದೊಂದು ಅಂಗಿ ಇಸ್ತ್ರಿ ಮಾಡ್ಕೊಂಡು ಠಾಣೆಗೆ ಹೋಗ್ತಿದ್ದೆ,” ಎಂದರು ಅಮ್ಮ. “‘ನಿನ್ನ ಮಗ ಇಲ್ಲಿಲ್ಲ’ ಅಂತಿದ್ರು. ಒಳಗೇ ಇದ್ದ. ಹಿಡ್ಕೊಂಡು ಹೋದೋರು ಎಲ್ಲಿಟ್ಟಿದೀವಿ ಅಂತ ತಾಯಿಗೆ ಹೇಳ್ಬೇಕು ಅಂತ ಬರೆದಿದ್ಯಾ ಅದ್ರಲ್ಲಿ?”

ಗ್ರಂಥಪಾಲಕಿ ಚೀಲದಿಂದ ಸಂವಿಧಾನದ ಕರಡು ತೆಗೆದು ಹುಡುಕಿದಳು.

“ಕಾಣಿಸ್ತಿಲ್ಲ ದೊಡ್ಡಮ್ಮ. ಲೇಖನ ಬರೆಯೋರು ಇದರ ಪರ ಇರೋರು, ಒಳ್ಳೇದನ್ನೇ ಎತ್ತಿ ಹೇಳ್ತಾರೆ. ಅವರನ್ನೇ ಕೇಳೋಣ.”

ಅಮ್ಮ ಹೇಳಿದ್ದನ್ನು ಹೇಳಿದಂತೆಯೇ ಬರೆದು ಪತ್ರಿಕೆಗೆ ಕಳಿಸಿದಳು.

ಎರಡು ವಾರದ ನಂತರ ಉತ್ತರ ಅಚ್ಚಾಯಿತು: “ಒಬ್ಬ ತಾಯಿ ಕೇಳಿದ್ದಾರೆ. ಕರಡಿನಲ್ಲಿ ಆ ಮಾತು ಇಲ್ಲ. ಇರಬೇಕಿತ್ತು. ಅದನ್ನು ಸೇರಿಸಲು ತಿದ್ದುಪಡಿಯ ದಾರಿ ಕೊನೆಯ ಭಾಗದಲ್ಲಿದೆ. ಹಳೆಯ ಕಾನೂನಿನಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂಬ ಕಡ್ಡಾಯವೂ ಇಲ್ಲ. ಆದ್ದರಿಂದ ಈಗಲೂ ‘ಬೇಕು’ ಎಂದೇ ಕೋರುತ್ತೇನೆ.”

“‘ಇಲ್ಲ’ ಅಂತ ಅಚ್ಚು ಹಾಕಿಸಿದಾನಾ?”

“ಹೌದು ದೊಡ್ಡಮ್ಮ. ನೋಡಿ, ಇಲ್ಲಿ.”

ಅಮ್ಮ ಪೇಪರನ್ನು ಹತ್ತಿರಕ್ಕೆ ಎಳೆದುಕೊಂಡರು. “ಇಷ್ಟು ವರ್ಷಕ್ಕೆ ಒಬ್ಬ ನನಗೆ ನಿಜ ಹೇಳಿದ. ಆ ಒಂದು ದಿನದ ಮಾತು ಕರಡಲ್ಲೂ ಇದ್ಯಾ, ಪೇಪರಲ್ಲಿ ಮಾತ್ರಾನಾ?”

ಗ್ರಂಥಪಾಲಕಿ ಕರಡು ತೆರೆದು ಆ ಸಾಲಿನ ಮೇಲೆ ಅಮ್ಮನ ಬೆರಳಿಟ್ಟು ನಿಧಾನವಾಗಿ ಓದಿದಳು.

“ಸರಿ, ‘ಬೇಕು’ ಅಂತ ಹಾಕ್ತೀನಿ. ಹಾಗಂತ ಸುಮ್ನಿರೋಳಲ್ಲ. ಇನ್ನೊಂದು ಕಾಗದ ಬರಿ: ನನ್ನ ಮಾತು ಯಾವಾಗ ಸೇರಿಸ್ತೀರಿ ಅಂತ.”

“ಆ ಲೇಖಕನ ನಿದ್ದೆ ಕೆಡಿಸ್ತೀಯ ಬಿಡಮ್ಮ,” ಎಂದು ಮಗ ನಕ್ಕ.

ಓದುಗರೇ, ಬೆಂಬಲ ಕೋರುವ ಲೇಖನ ಓದಿ. ವಿರೋಧಿಸುವುದನ್ನೂ ಓದಿ. ಎರಡನ್ನೂ ಕರಡಿನ ಪಕ್ಕದಲ್ಲಿಟ್ಟು ನೋಡಿ. ಗ್ರಂಥಾಲಯದಲ್ಲಿ ಕೇಳಿದರೆ ಕರಡು ಕೊಡುತ್ತಾರೆ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ನಿಮಗೆ ಬೇಕಾದ ಮಾತು ಅದರಲ್ಲಿಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಆಮೇಲೆ ನಿಮ್ಮ ತೀರ್ಮಾನದಂತೆ ಮತ ಹಾಕಿ, ಆದರೆ ಹಾಕದೆ ಇರಬೇಡಿ.

ಅಮ್ಮನ ಎರಡನೇ ಕಾಗದವನ್ನು ಮಗ ಅಂಚೆಪೆಟ್ಟಿಗೆಗೆ ಹಾಕಿ ಬಂದ. ಪೆಟ್ಟಿಗೆ ಇರುವುದು ಬೀದಿಯ ತಿರುವಿನ ಆಚೆ. ಒಬ್ಬನೇ ಹೋಗಿದ್ದ.